ಸೋಮವಾರದ ಎದೆಬಿಗಿತ

ಕ್ರಿ.ಶ. 1845ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ, ಹತ್ತಿಯ ಗಿರಣಿಗಳ ಕೂಲಿಕಾರರ ದೇಹಸ್ಥಿತಿಯನ್ನೂ ಜೀವನಕ್ರಮವನ್ನೂ ಪರಿಶೀಲಿಸಲು ಹೊರಟ ಮಾರೆಸ್ಕ ಮತ್ತು ಹೇಮನ್ ಎಂಬ ಇಬ್ಬರು ವೈದ್ಯರು, ಸುಮಾರು ಎರಡು ಸಾವಿರ ಮಂದಿಯನ್ನು ವಿಚಾರಿಸಿ ಬರೆದ ತಮ್ಮ ವರದಿಯಲ್ಲಿ, ಆ ಕಾಲದ ವೈದ್ಯಶಾಸ್ತ್ರಕ್ಕೆ ಅರ್ಥವಾಗದಿದ್ದ ಒಂದು ಸಂಗತಿಯನ್ನು ಕೇಳಿದುದು ಕೇಳಿದಂತೆಯೇ ದಾಖಲಿಸಿದರು. ಗಿರಣಿಯ ಧೂಳು ವಾರದ ಕಡೆಯ ದಿನಗಳಲ್ಲಿ ತಮಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲವೆಂದೂ, ಅದರ ಕಾಟವೆಲ್ಲ ಸೋಮವಾರ ಮಂಗಳವಾರಗಳಲ್ಲಿಯೇ ಎಂದೂ ಕೂಲಿಕಾರರು ಒಬ್ಬರ ಬಳಿಕ ಒಬ್ಬರು ಹೇಳಿದ್ದರು. ಕಾರಣವೇನೆಂಬುದಕ್ಕೆ ಎರಡು ಬಗೆಯ ಉತ್ತರಗಳಿದ್ದುವು. ಭಾನುವಾರ ಮಿತಿಮೀರಿ ಕುಡಿದು ದೇಹವನ್ನು ಕೆಡಿಸಿಕೊಂಡು ಬರುವ ಜನಕ್ಕೆ ಸೋಮವಾರ ಹಾಗಾಗುವುದು ಸಹಜವೆಂದು ಮಾಲಿಕರ ಅಭಿಪ್ರಾಯ. ಒಂದು ದಿನ ಧೂಳಿನಿಂದ ದೂರವಿದ್ದರೆ ಅದರ ಅಭ್ಯಾಸ ತಪ್ಪಿಹೋಗುತ್ತದೆ, ಮತ್ತೆ ಒಗ್ಗಿಕೊಳ್ಳಬೇಕಾಗುತ್ತದೆ ಎಂದು ಕೂಲಿಕಾರರ ವಾದ. ವೈದ್ಯರು ಎರಡನ್ನೂ ಬರೆದುಕೊಂಡರು. ಇವುಗಳಲ್ಲಿ ಯಾವುದು ದಿಟವೆಂದು ನಿರ್ಣಯವಾಗುವುದಕ್ಕೆ ಒಂದು ಶತಮಾನಕ್ಕಿಂತಲೂ ಹೆಚ್ಚು ಕಾಲ ಹಿಡಿದುದು ರೋಗದ ಗೂಢತೆಯಿಂದ ಮಾತ್ರವಲ್ಲ. ಕೂಲಿಕಾರನ ಮಾತನ್ನು ಸಾಕ್ಷ್ಯವೆಂದು ಅಂಗೀಕರಿಸುವ ಮನಸ್ಸು ಬಲ್ಲವರೆನಿಸಿಕೊಂಡವರಲ್ಲಿ ಬಹುಕಾಲ ಇಲ್ಲದೆ ಹೋದುದರಿಂದಲೂ ಹೌದು.

ಈ ವ್ಯಾಧಿಗೆ ಈಗ ಬಿಸಿನೋಸಿಸ್ ಎಂದು ಹೆಸರು. ಹತ್ತಿ, ಅಗಸೆನಾರು ಮೊದಲಾದ ಸಸ್ಯಜನ್ಯ ನಾರುಗಳ ಧೂಳನ್ನು ವರ್ಷಗಟ್ಟಲೆ ಉಸಿರಿನೊಡನೆ ಒಳಗೆಳೆದುಕೊಳ್ಳುವವರಿಗೆ ಇದು ಬರುತ್ತದೆ. ಮೊದಮೊದಲು, ವಾರದ ರಜೆಯನ್ನು ಕಳೆದು ಕೆಲಸಕ್ಕೆ ಮರಳಿದ ದಿನ, ಕೆಲವು ಗಂಟೆಗಳ ತರುವಾಯ ಎದೆ ಬಿಗಿಯುತ್ತದೆ, ಒಣಕೆಮ್ಮು ಬರುತ್ತದೆ, ಮೆಟ್ಟಲೇರುವಾಗ ಉಸಿರು ಸಾಲದಾಗುತ್ತದೆ. ಮರುದಿನಕ್ಕೆ ಎಲ್ಲವೂ ಮಾಯವಾಗಿ, ಮನುಷ್ಯನು ತನಗೇನೂ ಆಗಿರಲೇ ಇಲ್ಲವೆಂಬಂತೆ ದುಡಿಯುತ್ತಾನೆ. ಕೆಲವು ವರ್ಷಗಳಾದ ಮೇಲೆ ಆ ಬಿಗಿತ ಮಂಗಳವಾರಕ್ಕೂ ಬುಧವಾರಕ್ಕೂ ಹಬ್ಬಿ, ಕಡೆಗೆ ವಾರದ ಎಲ್ಲ ದಿನಗಳನ್ನೂ ಆಕ್ರಮಿಸಿಕೊಂಡು, ರಜೆಯಲ್ಲಿಯೂ ಬಿಡದ ಏದುಸಿರಾಗಿ ನೆಲೆಸುತ್ತದೆ. ಆ ಘಟ್ಟದಲ್ಲಿ ಅದನ್ನು ಧೂಮಪಾನದಿಂದಲೋ ಮುಪ್ಪಿನಿಂದಲೋ ಬಂದ ಸಾಮಾನ್ಯ ಗೂರಲಿನಿಂದ ಬೇರ್ಪಡಿಸುವುದು ಎಂತಹ ವೈದ್ಯನಿಗೂ ಕಷ್ಟ. ಗಣಿಗಾರನ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಬಿಟ್ಟುಹೋಗುವಂತಹ ಕಲೆಯನ್ನು ಹತ್ತಿಯ ಧೂಳು ಬಿಡುವುದಿಲ್ಲ. ಕ್ಷಕಿರಣದ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಶವಪರೀಕ್ಷೆಯಲ್ಲಿಯೂ ಇದೇ ಆ ರೋಗವೆಂದು ಬೆರಳಿಟ್ಟು ತೋರಿಸಬಹುದಾದ ಗುರುತು ಸಿಕ್ಕುವುದಿಲ್ಲ. ಬಹುಕಾಲದವರೆಗೆ ಇದ್ದ ಗುರುತೊಂದೇ, ರೋಗಿಯ ಬಾಯಿಂದ ಬರುವ ಸೋಮವಾರದ ಕಥೆ.

ನಾರಿನ ಧೂಳಿನ ಕೇಡು ಗೆಂಟಿನ ವರದಿಗೂ ಹಿಂದಿನವರಿಗೆ ತಿಳಿಯದಿದ್ದುದೇನೂ ಅಲ್ಲ. 1700ರಷ್ಟು ಹಿಂದೆಯೇ ಇಟಲಿಯ ವೈದ್ಯಾಚಾರ್ಯ ಬೆರ್ನಾರ್ದೀನೊ ರಾಮಜ್ಜೀನಿ ಕಸಬುಗಳಿಂದ ಬರುವ ರೋಗಗಳನ್ನು ಕುರಿತು ರಚಿಸಿದ ಲ್ಯಾಟಿನ್ ಗ್ರಂಥದಲ್ಲಿ ಅಗಸೆನಾರನ್ನು ಹಿಕ್ಕುವವರ ಕೆಮ್ಮನ್ನೂ, ಧಾನ್ಯವನ್ನು ಜರಡಿಹಿಡಿದು ಅಳೆಯುವವರ ಉಬ್ಬಸವನ್ನೂ ವರ್ಣಿಸಿದ್ದನು. ರೋಗಿಯ ಬಳಿ ಕುಳಿತ ವೈದ್ಯನು ಬೇರೆ ಪ್ರಶ್ನೆಗಳ ಜೊತೆಗೆ ನಿನ್ನ ಕಸಬೇನೆಂಬುದನ್ನೂ ಕೇಳತಕ್ಕದ್ದೆಂದು ವಿಧಿಸಿದ್ದನು. ಆದರೆ ಅವನು ಕಂಡುದು ಮನೆಯಂಗಳದ ಕೈಕಸಬನ್ನು. ಆವಿಯಂತ್ರವು ಬಂದು, ಸಾವಿರಾರು ಜನರನ್ನು ಒಂದೇ ಸೂರಿನಡಿ ಕಿಟಕಿ ಮುಚ್ಚಿ ಕೂಡಿಹಾಕಿ ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ದುಡಿಸುವ, ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಹತ್ತಿಯ ಯುಗ ಪ್ರಾರಂಭವಾದಾಗ ಆ ಧೂಳಿನ ಪ್ರಮಾಣವೂ ಸ್ವರೂಪವೂ ಬೇರೆಯಾದುವು. ಮ್ಯಾಂಚೆಸ್ಟರಿನ ಬಡಬಗ್ಗರ ಔಷಧಾಲಯದಲ್ಲಿ ಕೆಲಸಮಾಡುತ್ತಿದ್ದ ಜೇಮ್ಸ್ ಫಿಲಿಪ್ಸ್ ಕೇ ಎಂಬ ತರುಣ ವೈದ್ಯನು 1831ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ನೂಲುವವರ ಎದೆಬೇನೆಯು ಕ್ಷಯರೋಗವಲ್ಲ, ಅದೊಂದು ಪ್ರತ್ಯೇಕ ವ್ಯಾಧಿ, ಅದಕ್ಕೆ ಹತ್ತಿಯ ಧೂಳೇ ಮೂಲ ಎಂದು ಸಕಾರಣವಾಗಿ ಹೇಳಿದನು. ಆತನು ಅಲ್ಲಿಯೇ ನಿಂತು ಆ ಶೋಧವನ್ನು ಮುಂದುವರಿಸಿದ್ದರೆ ಏನಾಗುತ್ತಿದ್ದಿತೋ. ಆದರೆ ಮರುವರ್ಷವೇ ಕಾಲರಾ ಬಂದಿತು, ಅವನ ಗಮನ ಕೊಳೆಗೇರಿಗಳ ಕಡೆಗೂ ಅಲ್ಲಿಯ ಜನರ ಶೀಲದ ಕಡೆಗೂ ಹೊರಳಿತು, ಮುಂದೆ ಅವನು ಇಂಗ್ಲೆಂಡಿನ ಶಿಕ್ಷಣ ವ್ಯವಸ್ಥೆಯ ಶಿಲ್ಪಿಯೆಂದು ಕೀರ್ತಿ ಪಡೆದು ಸರ್ ಜೇಮ್ಸ್ ಕೇ-ಷಟಲ್‌ವರ್ತ್ ಆದನು. ಶಿಕ್ಷಣಕ್ಕೆ ಅದು ಲಾಭ. ಗಿರಣಿಯವರ ಎದೆಗಂತೂ ನಷ್ಟ.

ಈ ರೋಗದ ನಿಜವಾದ ತವರು ನೂಲುವ ಕೋಣೆಯಲ್ಲ, ಅದಕ್ಕೆ ಹಿಂದಿನ ಕಾರ್ಡಿಂಗ್ ಖಾತೆ. ಒತ್ತಿ ಕಟ್ಟಿದ ಅಂಡಿಗೆಗಳನ್ನು ಬಿಚ್ಚಿ, ಬ್ಲೋ ರೂಮಿನಲ್ಲಿ ಬಡಿದು ಬಿಡಿಸಿದ ಅರಳೆಯನ್ನು, ಮೈತುಂಬ ಸೂಕ್ಷ್ಮವಾದ ತಂತಿಹಲ್ಲುಗಳಿರುವ ದೊಡ್ಡ ಉರುಳೆಗಳ ನಡುವೆ ಹಾಯಿಸಿ, ಎಳೆಗಳನ್ನೆಲ್ಲ ಒಂದೇ ದಿಕ್ಕಿಗೆ ಬಾಚಿ ಹಂಜಿಯಾಗಿ ಮಾಡುವುದು ಅಲ್ಲಿಯ ಕೆಲಸ. ಅರಳೆಯಲ್ಲಿ ಉಳಿದಿದ್ದ ಒಣ ಎಲೆಯ ಚೂರು, ಕಾಯಿಯ ಸಿಪ್ಪೆ, ಬೀಜದ ಹೊಟ್ಟು, ಹೊಲದ ಮಣ್ಣು ಎಲ್ಲವೂ ಇಲ್ಲಿ ಪುಡಿಯಾಗಿ ಗಾಳಿಗೆ ಏಳುತ್ತವೆ. ಹಲ್ಲುಗಳ ಸಂದಿನಲ್ಲಿ ಸೇರಿಕೊಂಡ ಕಸವನ್ನು ದಿನದಲ್ಲಿ ಹಲವು ಸಲ ಕಿತ್ತು ತೆಗೆಯುವ ‘ಸ್ಟ್ರಿಪ್ಪರು’ಗಳೂ, ಮೊಂಡಾದ ಹಲ್ಲುಗಳನ್ನು ಮಸೆಯುವ ‘ಗ್ರೈಂಡರು’ಗಳೂ ಯಂತ್ರದ ಮೇಲೆ ಬಾಗಿ ನಿಂತು ಆ ಧೂಳಿನ ಮೋಡದಲ್ಲಿಯೇ ದಿನ ಕಳೆಯುತ್ತಿದ್ದರು. ಇದು ಗುಟ್ಟಾಗಿದ್ದ ಸಂಗತಿಯೂ ಅಲ್ಲ. ಮ್ಯಾಂಚೆಸ್ಟರಿನ ಪಾದ್ರಿಯೊಬ್ಬರ ಪತ್ನಿಯಾಗಿದ್ದ ಎಲಿಜಬೆತ್ ಗ್ಯಾಸ್ಕೆಲ್ 1854–55ರಲ್ಲಿ ಬರೆದ ‘ನಾರ್ತ್ ಅಂಡ್ ಸೌತ್’ ಕಾದಂಬರಿಯಲ್ಲಿ ಬೆಸ್ಸಿ ಎಂಬ ಎಳೆಯ ಹೆಣ್ಣುಮಗಳು ಈ ಕೋಣೆಯ ಜೂಲನ್ನು ನುಂಗಿ ಸಾಯುತ್ತಾಳೆ. ಧೂಳನ್ನು ಹೊರಗೆ ಎಳೆದುಹಾಕುವ ಚಕ್ರವೊಂದು ಕೆಲವು ಗಿರಣಿಗಳಲ್ಲಿದೆ, ಆದರೆ ಅದಕ್ಕೆ ಹಣ ಬೀಳುತ್ತದೆ, ಹಾಕಿದ ಹಣಕ್ಕೆ ಆದಾಯವಿಲ್ಲ, ಆದುದರಿಂದ ಹಾಕಿಸುವವರು ಕೆಲವರೇ ಎಂದು ಆಕೆಯ ಬಾಯಿಂದಲೇ ಲೇಖಕಿ ಹೇಳಿಸುತ್ತಾಳೆ. ರೋಗದ ಕಾರಣವೂ ಪರಿಹಾರವೂ ಪರಿಹಾರವು ನಡೆಯದಿರುವುದರ ಕಾರಣವೂ ಒಂದೇ ಪುಟದಲ್ಲಿ ಕೂಡಿ ಬಂದಿರುವ ಇಂತಹ ಭಾಗವು ಆ ಕಾಲದ ಸರ್ಕಾರಿ ವರದಿಗಳಲ್ಲಿ ದುರ್ಲಭ.

ಹೀಗಿರುವಾಗ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಲ್ಯಾಂಕಷೈರಿಗೆ ಬರುತ್ತಿದ್ದ ಹತ್ತಿಯಲ್ಲಿ ಸುಮಾರು ಐದನೆಯ ನಾಲ್ಕು ಪಾಲು ಅಮೆರಿಕದ ದಕ್ಷಿಣ ಸಂಸ್ಥಾನಗಳದು. ಉತ್ತರದವರ ನೌಕಾಪಡೆ ಆ ರೇವುಗಳನ್ನು ಅಡ್ಡಗಟ್ಟಿದೊಡನೆ ಗಿರಣಿಗಳ ಚಿಮಣಿಗಳು ಒಂದೊಂದಾಗಿ ಹೊಗೆಯಾಡುವುದನ್ನು ನಿಲ್ಲಿಸಿದುವು. 1862ರ ಡಿಸೆಂಬರಿನ ವೇಳೆಗೆ ಆ ಪ್ರಾಂತದಲ್ಲಿ ಸುಮಾರು ಐದು ಲಕ್ಷ ಜನ ಧರ್ಮದ ಅನ್ನಕ್ಕೆ ಕೈಯೊಡ್ಡಿದ್ದರು. ಆ ‘ಹತ್ತಿಯ ಕ್ಷಾಮ’ದಲ್ಲಿ ಮಾಲಿಕರ ಕಣ್ಣು ಹೊರಳಿದುದು ಹಿಂದೂಸ್ಥಾನದ ಕಡೆಗೆ. ಪಶ್ಚಿಮ ಹಿಂದೂಸ್ಥಾನದಿಂದ ಬರುವ ಹತ್ತಿಗೆಲ್ಲ, ಅದು ಗುಜರಾತಿನದಾಗಲಿ ವರಾಡದ್ದಾಗಲಿ ಧಾರವಾಡದ್ದಾಗಲಿ, ಲಿವರ್‌ಪೂಲಿನ ಪೇಟೆಯಲ್ಲಿ ‘ಸೂರತ್’ ಎಂದೇ ಹೆಸರು.

ಇಲ್ಲಿ ಈ ಕಥೆ ನಮ್ಮ ಎರೆಹೊಲಗಳನ್ನು ಮುಟ್ಟುತ್ತದೆ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಸರ್ಕಾರದ ಪ್ರೋತ್ಸಾಹದಿಂದ ನ್ಯೂ ಆರ್ಲಿಯನ್ಸಿನ ಬೀಜ ಬಿತ್ತನೆಯಾಗುತ್ತಿದ್ದು, ಆ ಫಸಲು ‘ಧಾರವಾಡ-ಅಮೆರಿಕನ್’ ಎಂದು ಪೇಟೆಯಲ್ಲಿ ಹೆಸರು ಮಾಡಿದ್ದಿತು. ಜವಾರಿ ಹತ್ತಿಯಾದರೋ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟವಿಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿದ್ದುದರಿಂದ ‘ಕುಮಟಾ’ ಎಂದೇ ಖ್ಯಾತವಾಗಿದ್ದಿತು. ಈ ಹತ್ತಿಯನ್ನು ನೇರವಾಗಿ ತಮ್ಮ ಊರಿಗೆ ಸಾಗಿಸಿಕೊಳ್ಳಬೇಕೆಂದು ಮ್ಯಾಂಚೆಸ್ಟರಿನವರು ಕಾರವಾರದ ಬಳಿಯ ಸದಾಶಿವಗಡದಲ್ಲಿ ರೇವನ್ನು ಕಟ್ಟಿಸಲು ಲಂಡನ್ನಿನಲ್ಲಿ ಹಟಹಿಡಿದರು. ಅದಕ್ಕೆಂದೇ ಒಂದು ಕಂಪನಿಯನ್ನು ಕಟ್ಟಿ ತಮ್ಮ ಪ್ರತಿನಿಧಿಯನ್ನೂ ಯಂತ್ರಗಳನ್ನೂ ಕಳುಹಿಸಿದರು. ರೇವಿನಲ್ಲಿ ಇಳಿಸಿಕೊಳ್ಳುವ ಅನುಕೂಲವೂ ಘಟ್ಟವನ್ನು ಹತ್ತಿಸುವ ರಸ್ತೆಯೂ ಸಿದ್ಧವಾಗದೆ ಆ ಸಾಹಸ ಮುಗ್ಗರಿಸಿತು. ಮದರಾಸಿನ ಆಳ್ವಿಕೆಯಲ್ಲಿದ್ದ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದುದರ ಹಿಂದೆಯೂ ಈ ಹತ್ತಿಯ ವ್ಯಾಪಾರಸ್ಥರ ಒತ್ತಾಯವಿದ್ದಿತೆಂಬುದನ್ನು, ಕಾರವಾರಕ್ಕೂ ಮಂಗಳೂರಿಗೂ ಆಡಳಿತದ ಸಂಬಂಧ ಏಕೆ ಕಡಿದುಹೋಯಿತೆಂದು ಕುತೂಹಲಪಡುವವರು ಗಮನಿಸಬಹುದು.

ಬೆಲೆ ಮುಗಿಲಿಗೇರಿದಾಗ ಮೋಸವೂ ಅದರ ಬೆನ್ನಹಿಂದೆಯೇ ಏರುವುದು ಲೋಕದ ರೀತಿ. ಬೇಸಾಯಗಾರನ ಮನೆಯಿಂದ ಹಡಗಿನವರೆಗೆ ನಾಲ್ಕಾರು ಕೈ ದಾಟುವ ಹತ್ತಿಯಲ್ಲಿ, ದಲ್ಲಾಳಿಗಳು ಬೀಜವನ್ನೂ ಎಲೆಯನ್ನೂ ಮಣ್ಣನ್ನೂ ಬೆರೆಸುತ್ತಿದ್ದರು. ತೂಕ ಬರಲೆಂದು ನೀರು ಚಿಮುಕಿಸುತ್ತಿದ್ದರು. ಹಾಗೆ ತೇವಗೊಂಡು ಬಿಗಿಯಾಗಿ ಅದುಮಿದ ಹತ್ತಿ, ಆಫ್ರಿಕ ಖಂಡವನ್ನು ಬಳಸಿ ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಪಯಣಿಸುವಾಗ ಮುಗ್ಗಲು ಹಿಡಿಯದೆ ಇನ್ನೇನಾದೀತು? ಈ ಅನಾಚಾರವನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಪ್ರತ್ಯೇಕವಾದ ಶಾಸನವನ್ನೇ ಮಾಡಿ ಪರೀಕ್ಷಕರನ್ನು ನೇಮಿಸಬೇಕಾಯಿತು. ಅತ್ತ ಲ್ಯಾಂಕಷೈರಿನ ಪ್ರಾರ್ಥನಾಸಭೆಯೊಂದರಲ್ಲಿ, ದೇವರು ಹತ್ತಿಯನ್ನು ಕರುಣಿಸಲೆಂದು ಬೋಧಕನು ಬೇಡುತ್ತಿದ್ದಾಗ, ಸೂರತ್ತೊಂದು ಬೇಡವೆಂದು ಕೂಲಿಕಾರನೊಬ್ಬನು ನಡುವೆ ಸೇರಿಸಿದನೆಂಬ ಕಥೆ ಹುಟ್ಟಿಕೊಂಡಿತು. ಸೂರತ್ ಹತ್ತಿಯ ಎಳೆ ಗಿಡ್ಡ, ಮೇಲಿಂದ ಮೇಲೆ ತುಂಡಾಗುವ ನೂಲಿನಿಂದ ಕೂಲಿ ಕಡಿಮೆ. ಅದಕ್ಕಿಂತ ಹೆಚ್ಚಾಗಿ ಅದರ ಧೂಳು. ಹೇವುಡ್ ಪಟ್ಟಣದಲ್ಲಿ ಶಸ್ತ್ರವೈದ್ಯನಾಗಿದ್ದ ಜೆಸ್ಸಿ ಲೀಚ್ 1863ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದು, ಈ ಹತ್ತಿಯನ್ನು ಹಿಂಜುವವರಲ್ಲಿ ಗಂಟಲುರಿ, ಬಿಡದ ಕೆಮ್ಮು, ಉಬ್ಬಸಗಳು ಹೆಚ್ಚಾಗಿರುವುದನ್ನು ಲೋಕದ ಗಮನಕ್ಕೆ ತಂದನು. ಗದಗ ಹುಬ್ಬಳ್ಳಿಗಳ ಕಡೆಯ ಹೊಲದಲ್ಲಿ ಒಣಗಿದ ಎಲೆಯೊಂದು ಸಾವಿರಾರು ಮೈಲಿಯಾಚೆಯ ಅಪರಿಚಿತನೊಬ್ಬನ ಎದೆಗೆ ಹೊಕ್ಕಿದ್ದರೂ ಹೊಕ್ಕಿರಬಹುದು. ಅದನ್ನು ಬೆರೆಸಿದವನಿಗಾಗಲಿ, ಬೆಳೆದ ಒಕ್ಕಲಿಗನಿಗಾಗಲಿ ಅದರ ಸುಳಿವು ಇರುವುದೆಂತು? ಯುದ್ಧ ಮುಗಿದು 1865ರಲ್ಲಿ ಬೆಲೆ ಬಿದ್ದಾಗ ನಮ್ಮ ಕಡೆಯ ರೈತನಿಗೆ ಉಳಿದುದು ಸಾಲ. ಹೇವುಡ್ಡಿನವನಿಗೆ ಉಳಿದುದು ಕೆಮ್ಮು.

ಇದಾದ ಮೇಲಿನ ಅರ್ಧ ಶತಮಾನವನ್ನು ಬೇಗನೆ ದಾಟಬಹುದು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತನ ತಂದೆಯೂ ಫ್ರಾನ್ಸಿನ ಪ್ರಸಿದ್ಧ ಆರೋಗ್ಯಶಾಸ್ತ್ರಜ್ಞನೂ ಆದ ಅದ್ರಿಯೆನ್ ಪ್ರೂಸ್ತನು 1877ರಲ್ಲಿ ರೋಗಕ್ಕೆ ಈಗಿನ ಹೆಸರನ್ನು ಕೊಟ್ಟನು. ಇಂಗ್ಲೆಂಡಿನ ಕಾರ್ಖಾನೆಗಳ ವೈದ್ಯಾಧಿಕಾರಿ ಎಡ್ಗರ್ ಕಾಲಿಸ್ 1908ರಲ್ಲಿ 126 ಮಂದಿ ಸ್ಟ್ರಿಪ್ಪರು ಗ್ರೈಂಡರುಗಳನ್ನು ಪರೀಕ್ಷಿಸಿ, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಉಬ್ಬಸದ ಬಾಧೆಯಿರುವುದನ್ನು ಕಂಡನು. ಸಮಿತಿಗಳು ಕುಳಿತುವು, ಎದ್ದುವು. 1932ರಲ್ಲಿ ಒಂದು ವರದಿ, 1939ರಲ್ಲಿ ಇನ್ನೊಂದು. ಕಟ್ಟಕಡೆಗೆ ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಪರಿಹಾರಧನದ ಯೋಜನೆಯೊಂದು ಜಾರಿಗೆ ಬಂದಿತು. ಅದು ದೊರೆಯಬೇಕಾದರೆ ಅರ್ಜಿದಾರನು ಇಪ್ಪತ್ತು ವರ್ಷ ಆ ಧೂಳಿನ ಖಾತೆಗಳಲ್ಲಿ ದುಡಿದಿರಬೇಕು, ಶಾಶ್ವತವಾಗಿಯೂ ಸಂಪೂರ್ಣವಾಗಿಯೂ ಅಶಕ್ತನಾಗಿರಬೇಕು, ಮತ್ತು ಗಂಡಸಾಗಿರಬೇಕು. ಆ ಖಾತೆಗಳು ಹೆಂಗಸರಿಂದಲೇ ತುಂಬಿದ್ದುವೆಂಬುದು ಯೋಜನೆಯನ್ನು ರಚಿಸಿದ ಮಹನೀಯರಿಗೆ ತಿಳಿಯದ ವಿಷಯವಾಗಿರಲಿಲ್ಲ.

ಯುದ್ಧಾನಂತರ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಬಂದ ರಿಚರ್ಡ್ ಷಿಲ್ಲಿಂಗ್ ಎಂಬ ವೈದ್ಯನಿಗೆ, ಈ ರೋಗವು ಹಳೆಯ ಕಾಲದ್ದು, ಗಾಳಿಬೆಳಕು ಸುಧಾರಿಸಿದ ಮೇಲೆ ಅದು ಅಳಿಯುತ್ತ ಬಂದಿದೆ ಎಂಬ ಮಾತೇ ಎಲ್ಲೆಡೆಯೂ ಕೇಳಿಸಿತು. ಅವನು ಮಾಡಿದ ಕಾರ್ಯ ನೋಡುವುದಕ್ಕೆ ಅತಿ ಸರಳ. ಗಿರಣಿಯಿಂದ ಗಿರಣಿಗೆ ಹೋಗಿ, ಪ್ರತಿಯೊಬ್ಬರಿಗೂ ಒಂದೇ ಮಾತುಗಳಲ್ಲಿ, ನಿಮ್ಮ ಎದೆ ಬಿಗಿಯುತ್ತದೆಯೇ, ಬಿಗಿದರೆ ಯಾವ ದಿನ ಎಂದು ಕೇಳಿದನು. ಎಂದೋ ಒಮ್ಮೆ ಸೋಮವಾರ ಬಿಗಿಯುವವರದು ಅರ್ಧ ದರ್ಜೆ, ಪ್ರತಿ ಸೋಮವಾರವೂ ಬಿಗಿಯುವವರದು ಒಂದನೆಯ ದರ್ಜೆ, ಉಳಿದ ದಿನಗಳಲ್ಲಿಯೂ ಬಿಗಿಯುವವರದು ಎರಡನೆಯ ದರ್ಜೆ. ಹೀಗೆ ಎಣಿಸಿದಾಗ, ದಪ್ಪ ನೂಲಿನ ಗಿರಣಿಗಳ ಕಾರ್ಡಿಂಗ್ ಖಾತೆಯ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯಾವುದಾದರೊಂದು ದರ್ಜೆಗೆ ಸೇರಿದವರಾದರು. 1955–56ರಲ್ಲಿ ಈ ಫಲಿತಾಂಶಗಳು ಅಚ್ಚಾದುವು. ಎರಡು ವರ್ಷಗಳ ತರುವಾಯ ಅವನ ಸಹೋದ್ಯೋಗಿಗಳು ಸೋಮವಾರ ಬೆಳಗ್ಗೆಯೂ ಸಂಜೆಯೂ ಕೂಲಿಕಾರರಿಂದ ಉಪಕರಣದೊಳಕ್ಕೆ ಉಸಿರೂದಿಸಿ ಅಳೆದರು. ಬೆಳಗಿನ ಬಲ ಸಂಜೆಗೆ ಕುಗ್ಗಿದ್ದಿತು. ನೂರು ವರ್ಷ ಬರಿಯ ದೂರಾಗಿದ್ದುದು ಅಂದಿಗೆ ಅಂಕಿಯಾಯಿತು. 1960ರಲ್ಲಿ ಷಿಲ್ಲಿಂಗನೂ ಅವನ ಸಹಚರ ರೋಚನೂ ಒಂದು ಘನಮೀಟರು ಗಾಳಿಯಲ್ಲಿ ಒಂದು ಮಿಲಿಗ್ರಾಂ ಧೂಳನ್ನು ಮೀರಬಾರದೆಂದು ಸೂಚಿಸಿದರು. ಷಿಲ್ಲಿಂಗನ ಹಿರಿಮೆ, ನನ್ನ ದೃಷ್ಟಿಯಲ್ಲಿ, ಯಂತ್ರದಲ್ಲಿಲ್ಲ. ಕೇಳುವ ಪ್ರಶ್ನೆಯನ್ನು ಕೂಲಿಕಾರನಿಂದಲೇ ಕಲಿತುದರಲ್ಲಿದೆ.

ಅಮೆರಿಕದಲ್ಲಿ ಇದೇ ನಾಟಕವನ್ನು ಮೊದಲಿನಿಂದ ಮತ್ತೆ ಆಡಬೇಕಾಯಿತು. ಅಂತಹ ರೋಗವೇ ತಮ್ಮ ದೇಶದಲ್ಲಿಲ್ಲವೆಂದು ಗಿರಣಿಯ ಒಡೆಯರು ಸಾಧಿಸುತ್ತಿದ್ದರು. 1969ರಷ್ಟು ಈಚೆಗೆ ಅವರ ವ್ಯಾಪಾರ ಪತ್ರಿಕೆಯೊಂದು, ಇದು ದುಡ್ಡಿನಾಸೆಯ ವೈದ್ಯರ ಕಲ್ಪನೆಯೆಂದೂ, ಕೀಳು ಜನಾಂಗಗಳಿಗೆ ಮಾತ್ರ ಅಂಟತಕ್ಕದ್ದೆಂದೂ ಸಂಪಾದಕೀಯದಲ್ಲಿ ಬರೆಯಿತು. ಯೇಲ್ ವಿಶ್ವವಿದ್ಯಾನಿಲಯದ ಆರೆಂಡ್ ಬೌಹೌಸ್ ಎಂಬ ವೈದ್ಯನಿಗೆ ಖಾಸಗಿ ಗಿರಣಿಗಳ ಬಾಗಿಲು ತೆರೆಯಲಿಲ್ಲ; ಆತನು ಅಟ್ಲಾಂಟದ ಕೇಂದ್ರ ಕಾರಾಗೃಹದ ಹತ್ತಿಗಿರಣಿಗೆ ಹೋಗಿ ಕೈದಿಗಳನ್ನು ಪರೀಕ್ಷಿಸಿ ಅಲ್ಲಿ ಈ ರೋಗವನ್ನು ಕಂಡನು. ಗ್ರಾಹಕರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ರಾಲ್ಫ್ ನೇಡರ್ 1971ರಲ್ಲಿ ಈ ರೋಗವನ್ನು ಕುರಿತು ಪತ್ರಿಕೆಯಲ್ಲಿ ಬರೆದನು. 1975ರಲ್ಲಿ ಕೆರೊಲಿನಾ ಪ್ರಾಂತಗಳ ಗಿರಣಿಗಳಿಂದ ಉಸಿರು ಕೆಟ್ಟು ಹೊರಬಿದ್ದ ವೃದ್ಧರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1978ರಲ್ಲಿ ಅಲ್ಲಿಯ ಸರ್ಕಾರ ನೂಲಿನ ಖಾತೆಗಳಿಗೆ ಘನಮೀಟರಿಗೆ 200 ಮೈಕ್ರೋಗ್ರಾಂ ಧೂಳಿನ ಮಿತಿಯನ್ನು ವಿಧಿಸಿತು. ಲಾಭವೆಷ್ಟು ನಷ್ಟವೆಷ್ಟು ಎಂದು ತೂಗಿ ನೋಡದೆ ಮಾಡಿದ ನಿಯಮವಿದೆಂದು ಒಡೆಯರು ಸುಪ್ರೀಂ ಕೋರ್ಟಿಗೆ ಹೋದಾಗ, 1981ರ ಜೂನಿನಲ್ಲಿ ನ್ಯಾಯಮೂರ್ತಿ ಬ್ರೆನನ್ ಬಹುಮತದ ತೀರ್ಪನ್ನು ಬರೆದು, ಸಾಧ್ಯವಿರುವಷ್ಟು ಮಟ್ಟಿಗೆ ಕಾರ್ಮಿಕನ ಆರೋಗ್ಯವನ್ನು ಕಾಪಾಡತಕ್ಕದ್ದೆಂದು ಶಾಸನವೇ ಹೇಳಿರುವಾಗ ಮತ್ತೆ ತಕ್ಕಡಿಯ ಅಗತ್ಯವಿಲ್ಲವೆಂದು ಎತ್ತಿಹಿಡಿದನು. ವಿನೋದವೆಂದರೆ, ಧೂಳನ್ನು ತಡೆಯಲು ಹಾಕಿದ ಹೊಸ ಯಂತ್ರಗಳು ಉತ್ಪನ್ನವನ್ನೂ ಹೆಚ್ಚಿಸಿದುವು.

ಕಾರಣವು ತಿಳಿದುದು ಇನ್ನೂ ಈಚೆಗೆ. ಕೇಡು ಮಾಡುವುದು ಹತ್ತಿಯ ಎಳೆಯಲ್ಲ; ಹತ್ತಿಯ ಕಾಯಿಯನ್ನು ಬಳಸಿಕೊಂಡಿರುವ ಒಣ ಎಲೆಗಳ ಮೇಲೆ, ವಿಶೇಷವಾಗಿ ತೇವವಿರುವಾಗ, ಬೆಳೆಯುವ ಸೂಕ್ಷ್ಮಜೀವಿಗಳ ಕವಚದಲ್ಲಿರುವ ಎಂಡೋಟಾಕ್ಸಿನ್ ಎಂಬ ವಿಷವೇ ಮುಖ್ಯ ಅಪರಾಧಿಯೆಂದು ಹಲವರು ಶಂಕಿಸಿದ್ದರು. 1987ರಲ್ಲಿ ಅಮೆರಿಕದ ವಿಜ್ಞಾನಿಗಳು ಕೃತಕವಾಗಿ ನಿರ್ಮಿಸಿದ ಕಾರ್ಡಿಂಗ್ ಕೋಣೆಯಲ್ಲಿ ಸ್ವಯಂಸೇವಕರನ್ನು ಕೂರಿಸಿ ಅಳೆದಾಗ, ಉಸಿರಿನ ಇಳಿತವು ಧೂಳಿನ ತೂಕವನ್ನು ಅನುಸರಿಸದೆ ಈ ವಿಷದ ಪ್ರಮಾಣವನ್ನೇ ಅನುಸರಿಸಿತು. ಈ ವಿಷದ ಒಂದು ಗುಣವೆಂದರೆ, ದಿನವೂ ಸೋಕುತ್ತಿದ್ದರೆ ದೇಹವು ಅದಕ್ಕೆ ಸ್ವಲ್ಪಮಟ್ಟಿಗೆ ಒಗ್ಗಿಕೊಳ್ಳುತ್ತದೆ; ಒಂದೆರಡು ದಿನ ತಪ್ಪಿದರೆ ಆ ಒಗ್ಗುವಿಕೆ ಕಳೆದುಹೋಗುತ್ತದೆ. ಗೆಂಟಿನ ಕೂಲಿಕಾರರು ಹೇಳಿದುದು ಅಕ್ಷರಶಃ ಸರಿಯಾಗಿದ್ದಿತು.

ನಮ್ಮ ದೇಶದಲ್ಲಿ, ದಾವರ್ ಎಂಬ ವರ್ತಕರು ಮುಂಬಯಿಯಲ್ಲಿ ಸ್ಥಾಪಿಸಿದ ಗಿರಣಿ 1856ರಲ್ಲಿ ನೂಲು ತೆಗೆಯಲಾರಂಭಿಸಿತು. 1880ರ ದಶಕದಲ್ಲಿ ಬೆಂಗಳೂರು, ಗೋಕಾಕಗಳಲ್ಲಿಯೂ, ಮುಂದೆ ದಾವಣಗೆರೆಯಲ್ಲಿಯೂ ಗಿರಣಿಗಳೆದ್ದುವು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ನಮ್ಮ ಗಿರಣಿಗಳಲ್ಲಿಯೂ ಈ ರೋಗವನ್ನು ಗುರುತಿಸಿದ್ದಾರೆ. ದೊಡ್ಡ ಗಿರಣಿಗಳು ಹಲವು ಮುಚ್ಚಿದುವಾದರೂ, ರಾಯಚೂರು, ಗದಗ, ಬೈಲಹೊಂಗಲಗಳ ಕಡೆ ಸುಗ್ಗಿಯ ತಿಂಗಳುಗಳಲ್ಲಿ ಜಿನ್ನಿಂಗ್ ಮಿಲ್ಲುಗಳಿಗೆ ಹೋಗುವ ಹೆಣ್ಣಾಳುಗಳ ಮೂಗಿಗೆ ಸೆರಗೊಂದೇ ರಕ್ಷೆ. 1923ರ ಕಾರ್ಮಿಕ ಪರಿಹಾರ ಶಾಸನದ ಮೂರನೆಯ ಅನುಸೂಚಿಯ ‘ಸಿ’ ಭಾಗದಲ್ಲಿ ಸೇರಿದ್ದ ಹತ್ತಿಯ ಧೂಳಿನ ಈ ಬೇನೆ, 2020ರ ಸಾಮಾಜಿಕ ಭದ್ರತಾ ಸಂಹಿತೆಯ ಅನುಸೂಚಿಯಲ್ಲಿಯೂ ಸೇರಿದೆ. ಆದರೆ ಇಂತಹ ಬೇನೆಗೆ ಪರಿಹಾರ ಸಿಕ್ಕಬೇಕಾದರೆ ಎಲ್ಲಿ, ಎಷ್ಟು ಕಾಲ, ಯಾವ ಖಾತೆಯಲ್ಲಿ ದುಡಿದುದು ಎಂಬುದನ್ನು ಕಾಗದದ ಮೇಲೆ ತೋರಿಸಬೇಕಾಗುತ್ತದೆ. ಆದುದರಿಂದ ಗಿರಣಿಯಲ್ಲಾಗಲಿ ಜಿನ್ನಿನಲ್ಲಾಗಲಿ ದುಡಿಯುವವರು ಮನೆಯಲ್ಲಿದ್ದರೆ, ಅವರ ಪಗಾರದ ಚೀಟಿ, ಹಾಜರಿಯ ಕಾರ್ಡು, ಇ.ಎಸ್.ಐ. ಪುಸ್ತಕಗಳನ್ನು ರದ್ದಿಗೆ ಹಾಕದೆ ಒಂದು ಕಡೆ ಜೋಪಾನವಾಗಿಡಿರಿ; ವೈದ್ಯರ ಬಳಿಗೆ ಹೋಗುವಾಗ ಅವನ್ನೂ ಕೊಂಡೊಯ್ಯಿರಿ.